ಡಾಕ್ಟರೇಟ್ ಎಂಬ ದೀರ್ಘ ಕಾಯಕ
ಸಮಾಜಶಾಸ್ತ್ರದಲ್ಲಿ ಪಿಎಚ್.ಡಿ. ಪಡೆಯಬಯಸುವವರೂ ಅವರ ಮನೆಯವರೂ ತಿಳಿದಿರಬೇಕಾದ ಸಂಗತಿಗಳು

ನಮ್ಮ ಮನೆಗಳಲ್ಲಿ ಮಕ್ಕಳ ಉನ್ನತ ಶಿಕ್ಷಣದ ಮಾತು ಬಂದಾಗ ಮೊದಲು ನಾಲಗೆಗೆ ಬರುವುದು ವೈದ್ಯಕೀಯ ಮತ್ತು ಎಂಜಿನಿಯರಿಂಗ್. ಕಲಾ ವಿಭಾಗದಲ್ಲಿ ಎಂ.ಎ. ಮುಗಿಸಿದ ಮಗನೋ ಮಗಳೋ "ಸಮಾಜಶಾಸ್ತ್ರದಲ್ಲಿ ಪಿಎಚ್.ಡಿ. ಮಾಡುತ್ತೇನೆ" ಎಂದರೆ ಹಿರಿಯರು ಒಂದು ಕ್ಷಣ ಸುಮ್ಮನಾಗುತ್ತಾರೆ. ಆ ಮೌನದಲ್ಲಿ ಅಸಮ್ಮತಿಗಿಂತ ಮಾಹಿತಿಯ ಕೊರತೆಯೇ ಹೆಚ್ಚು. ಅದಕ್ಕೆ ಎಷ್ಟು ವರ್ಷ ಬೇಕು, ಖರ್ಚಿಗೆ ಏನು ದಾರಿ, ಮುಗಿಸಿದ ಮೇಲೆ ಏನಾಗುವುದು, ಹೆಣ್ಣುಮಗಳಾದರೆ ಮದುವೆಯ ವಿಚಾರ ಹೇಗೆ ಎಂಬ ಪ್ರಶ್ನೆಗಳು ಮನಸ್ಸಿನಲ್ಲಿ ಏಳುತ್ತವೆ, ಉತ್ತರ ಹೇಳುವವರು ಹತ್ತಿರದಲ್ಲಿ ಇರುವುದಿಲ್ಲ.

ಚಂದ್ರದ್ರೋಣ ಪರ್ವತ ಶ್ರೇಣಿಯ ಮೇಲೆ, ಬಾಬಾಬುಡನ್‌ಗಿರಿಗೆ ಹೋಗುವ ದಾರಿಯಲ್ಲಿರುವ ಅತ್ತಿಗುಂಡಿಯಂತಹ ಊರಿನ ಮನೆಗಳಿಗೆ ಈ ಕಷ್ಟ ಇನ್ನೂ ಹೆಚ್ಚು. ಅಲ್ಲಿನ ಮಕ್ಕಳು ಕಾಲೇಜು ಓದಿಗಾಗಿ ಗಿರಿ ಇಳಿದು ಚಿಕ್ಕಮಗಳೂರಿಗೆ ಬರಬೇಕು. ವಿಶ್ವವಿದ್ಯಾಲಯ ಇನ್ನೂ ದೂರ. 1987ರಲ್ಲಿ ಸ್ಥಾಪನೆಯಾಗಿ, ಈಗ ಚಿಕ್ಕಮಗಳೂರು ಮತ್ತು ಶಿವಮೊಗ್ಗ ಜಿಲ್ಲೆಗಳ ವ್ಯಾಪ್ತಿ ಹೊಂದಿರುವ ಕುವೆಂಪು ವಿಶ್ವವಿದ್ಯಾಲಯ ಇರುವುದು ತರೀಕೆರೆಯ ಆಚೆ, ಭದ್ರಾವತಿ ತಾಲ್ಲೂಕಿನ ಶಂಕರಘಟ್ಟದಲ್ಲಿ. ಅಂತಹ ಮನೆಯೊಂದು ಮಗಳನ್ನು ಸಂಶೋಧನೆಗೆ ಕಳುಹಿಸಬೇಕೋ ಬೇಡವೋ ಎಂದು ತೀರ್ಮಾನಿಸುವಾಗ ಮುಂದೆ ಇಟ್ಟುಕೊಳ್ಳಬಹುದಾದ ವಿಷಯಗಳನ್ನು ಇಲ್ಲಿ ಕ್ರಮವಾಗಿ ಹೇಳಲು ಪ್ರಯತ್ನಿಸಲಾಗಿದೆ.

ಬೇಕಾದ ಅರ್ಹತೆ

ದೇಶದಾದ್ಯಂತ ಪಿಎಚ್.ಡಿ. ಪದವಿಗೆ ವಿಶ್ವವಿದ್ಯಾಲಯ ಧನಸಹಾಯ ಆಯೋಗ, ಅಂದರೆ ಯುಜಿಸಿ, 2022ರ ನವೆಂಬರ್‌ನಲ್ಲಿ ಹೊಸ ನಿಯಮಾವಳಿಯನ್ನು ಹೊರಡಿಸಿತು. ಪ್ರತಿಯೊಂದು ವಿಶ್ವವಿದ್ಯಾಲಯವೂ ಅದರ ಚೌಕಟ್ಟಿನಲ್ಲಿ ತನ್ನದೇ ನಿಯಮಗಳನ್ನು ರೂಪಿಸಿಕೊಳ್ಳುತ್ತದೆ. ಹಿಂದೆ ಎಂ.ಎ. ಆದ ಮೇಲೆ ಎಂ.ಫಿಲ್. ಮಾಡಿ ಅನಂತರ ಪಿಎಚ್.ಡಿ.ಗೆ ಹೋಗುವ ರೂಢಿ ಇತ್ತು. ಈ ನಿಯಮಾವಳಿಯೊಂದಿಗೆ ಎಂ.ಫಿಲ್. ನಿಂತುಹೋಗಿದೆ. ಆದುದರಿಂದ ಈಗ ಯಾರಾದರೂ ಹೊಸದಾಗಿ ಎಂ.ಫಿಲ್.ಗೆ ಸೇರಿರೆಂದು ಕರೆದರೆ ಎಚ್ಚರ ವಹಿಸಬೇಕು.

ಮೂರು ವರ್ಷದ ಪದವಿಯ ನಂತರ ಎರಡು ವರ್ಷದ ಸ್ನಾತಕೋತ್ತರ ಪದವಿ ಪಡೆದವರಿಗೆ ಒಟ್ಟಾರೆ ಶೇಕಡಾ 55 ಅಂಕ ಇರಬೇಕು. ನಾಲ್ಕು ವರ್ಷದ ಪದವಿಯಲ್ಲಿ ಶೇಕಡಾ 75 ಅಂಕ ಪಡೆದವರು ನೇರವಾಗಿ ಅರ್ಜಿ ಹಾಕಲು ಅವಕಾಶವಿದೆ. ಆದರೆ ನಮ್ಮ ರಾಜ್ಯದಲ್ಲಿ 2024-25ನೆಯ ಸಾಲಿನಿಂದ ಮತ್ತೆ ಮೂರು ವರ್ಷದ ಪದವಿಯ ಪದ್ಧತಿ ಬಂದಿರುವುದರಿಂದ ಬಹುಪಾಲು ಮಕ್ಕಳಿಗೆ ಎಂ.ಎ. ಮೂಲಕ ಹೋಗುವುದೇ ರಾಜಮಾರ್ಗ. ಪರಿಶಿಷ್ಟ ಜಾತಿ, ಪರಿಶಿಷ್ಟ ಪಂಗಡ, ಕೆನೆಪದರಕ್ಕೆ ಸೇರದ ಹಿಂದುಳಿದ ವರ್ಗ, ಅಂಗವಿಕಲರು ಮತ್ತು ಆರ್ಥಿಕವಾಗಿ ದುರ್ಬಲ ವರ್ಗದವರಿಗೆ ಶೇಕಡಾ 5ರ ರಿಯಾಯಿತಿ ಇದೆ. ಇಲ್ಲಿ ನಮ್ಮ ಬಂಧುಗಳು ಒಂದು ಮಾತನ್ನು ನೆನಪಿಡಬೇಕು. ಹಿಂದುಳಿದ ವರ್ಗಗಳ ವಿಷಯದಲ್ಲಿ ರಾಜ್ಯದ ಪಟ್ಟಿಯೂ ಕೇಂದ್ರದ ಪಟ್ಟಿಯೂ ಒಂದೇ ಅಲ್ಲ. ರಾಜ್ಯದ ಪ್ರಮಾಣಪತ್ರ ಕೈಯಲ್ಲಿದೆ ಎಂದು ಕೇಂದ್ರದ ಪರೀಕ್ಷೆಗೂ ಅದನ್ನೇ ನಂಬಿ ಕುಳಿತುಕೊಳ್ಳಬಾರದು. ಯಾವ ಅರ್ಜಿಗೆ ಯಾವ ಪ್ರಮಾಣಪತ್ರ ನಡೆಯುತ್ತದೆ ಎಂಬುದನ್ನು ಮೊದಲೇ ವಿಚಾರಿಸುವುದು ಕ್ಷೇಮ.

ಅಂಕಗಳ ನಂತರ ಪ್ರವೇಶ ಪರೀಕ್ಷೆ. ವರ್ಷಕ್ಕೆ ಎರಡು ಬಾರಿ ನಡೆಯುವ ನೆಟ್ ಪರೀಕ್ಷೆಯ ಫಲಿತಾಂಶವನ್ನು 2024ರಿಂದ ಮೂರು ವರ್ಗಗಳಾಗಿ ಪ್ರಕಟಿಸಲಾಗುತ್ತಿದೆ. ಮೊದಲನೆಯ ವರ್ಗದವರಿಗೆ ಕಿರಿಯ ಸಂಶೋಧನಾ ಫೆಲೋಶಿಪ್ ಅಥವಾ ಜೆ.ಆರ್.ಎಫ್., ಸಹಾಯಕ ಪ್ರಾಧ್ಯಾಪಕ ಹುದ್ದೆಯ ಅರ್ಹತೆ, ಪಿಎಚ್.ಡಿ. ಪ್ರವೇಶದ ಅರ್ಹತೆ ಈ ಮೂರೂ ದೊರೆಯುತ್ತವೆ. ಎರಡನೆಯ ವರ್ಗದವರಿಗೆ ಫೆಲೋಶಿಪ್ ಬಿಟ್ಟು ಉಳಿದೆರಡು. ಮೂರನೆಯ ವರ್ಗದವರಿಗೆ ಪಿಎಚ್.ಡಿ. ಪ್ರವೇಶದ ಅರ್ಹತೆ ಮಾತ್ರ. ಎರಡನೆಯ ಮತ್ತು ಮೂರನೆಯ ವರ್ಗದವರ ಆಯ್ಕೆಯಲ್ಲಿ ಪರೀಕ್ಷೆಯ ಅಂಕಕ್ಕೆ ಶೇಕಡಾ 70, ಸಂದರ್ಶನಕ್ಕೆ ಶೇಕಡಾ 30ರ ತೂಕ. ಪ್ರವೇಶದ ಮಟ್ಟಿಗೆ ಅವರ ಅಂಕಗಳು ಒಂದು ವರ್ಷ ಮಾತ್ರ ಊರ್ಜಿತವಾಗಿರುತ್ತವೆ. ತಾನೇ ಪ್ರವೇಶ ಪರೀಕ್ಷೆ ನಡೆಸುವ ವಿಶ್ವವಿದ್ಯಾಲಯದಲ್ಲಿ ಅರ್ಧದಷ್ಟು ಪ್ರಶ್ನೆಗಳು ಸಂಶೋಧನಾ ವಿಧಾನದ ಬಗೆಗೂ ಅರ್ಧದಷ್ಟು ವಿಷಯದ ಬಗೆಗೂ ಇರಬೇಕೆಂಬುದು 2022ರ ನಿಯಮ.

ನೆಟ್ ಪರೀಕ್ಷೆಯ ಮೊದಲ ಪತ್ರಿಕೆಗೆ 50 ಪ್ರಶ್ನೆಗಳು, 100 ಅಂಕ. ಸಮಾಜಶಾಸ್ತ್ರದ ಎರಡನೆಯ ಪತ್ರಿಕೆಗೆ 100 ಪ್ರಶ್ನೆಗಳು, 200 ಅಂಕ. ಎರಡಕ್ಕೂ ಸೇರಿ ಮೂರು ಗಂಟೆ. ತಪ್ಪು ಉತ್ತರಕ್ಕೆ ಅಂಕ ಕಳೆಯುವುದಿಲ್ಲ. ಸಮಾಜಶಾಸ್ತ್ರದ ಪ್ರಶ್ನೆಗಳು ಇಂಗ್ಲಿಷ್ ಮತ್ತು ಹಿಂದಿಯಲ್ಲಿ ಮಾತ್ರ ಇರುತ್ತವೆ. ಕನ್ನಡ ಮಾಧ್ಯಮದಲ್ಲಿ ಓದಿ ಬಂದ ಮಕ್ಕಳಿಗೆ ಇದೊಂದು ಏರು. ಎಂ.ಎ. ಮೊದಲ ವರ್ಷದಿಂದಲೇ ಪ್ರತಿಯೊಂದು ಪಾರಿಭಾಷಿಕ ಪದವನ್ನೂ ಎರಡೂ ಭಾಷೆಗಳಲ್ಲಿ ಬರೆದಿಟ್ಟುಕೊಳ್ಳುವ ಅಭ್ಯಾಸವಿದ್ದರೆ ಈ ಏರು ಹತ್ತಲಾಗದಷ್ಟು ಕಡಿದಾದುದೇನೂ ಅಲ್ಲ. ಪ್ರಬಂಧ ಬರೆಯುವ ಹಂತದಲ್ಲಿ ಕನ್ನಡಕ್ಕೆ ಅವಕಾಶ ಹೆಚ್ಚು. 1991ರಲ್ಲಿ ಸ್ಥಾಪನೆಯಾದ ಹಂಪಿಯ ಕನ್ನಡ ವಿಶ್ವವಿದ್ಯಾಲಯದಲ್ಲಿ ಸಂಶೋಧನೆಯ ಭಾಷೆಯೇ ಕನ್ನಡ. ಉಳಿದ ಕಡೆ ಕನ್ನಡದಲ್ಲಿ ಪ್ರಬಂಧ ಸಲ್ಲಿಸಬಹುದೇ ಎಂಬುದನ್ನು ಸೇರುವ ಮೊದಲೇ ವಿಭಾಗದಲ್ಲಿ ಕೇಳಿಕೊಳ್ಳಬೇಕು.

ವರ್ಷಗಳ ಲೆಕ್ಕ, ಹಣದ ಲೆಕ್ಕ

ಪಿಎಚ್.ಡಿ.ಗೆ ಕನಿಷ್ಠ ಮೂರು ವರ್ಷ, ಗರಿಷ್ಠ ಆರು ವರ್ಷ. ಅಗತ್ಯವಿದ್ದರೆ ಮರುನೋಂದಣಿ ಮಾಡಿಸಿಕೊಂಡು ಇನ್ನೆರಡು ವರ್ಷ ಪಡೆಯಬಹುದು, ಒಟ್ಟು ಎಂಟು ವರ್ಷ ಮೀರಬಾರದು. ಮಹಿಳೆಯರಿಗೂ ಶೇಕಡಾ 40ಕ್ಕಿಂತ ಹೆಚ್ಚಿನ ಅಂಗವೈಕಲ್ಯವುಳ್ಳವರಿಗೂ ಮತ್ತೆರಡು ವರ್ಷಗಳ ಸವಲತ್ತು ಉಂಟು, ಅವರಿಗೆ ಮಿತಿ ಹತ್ತು ವರ್ಷ. ಇದಲ್ಲದೆ ಸಂಶೋಧಕಿಯರಿಗೆ ಹೆರಿಗೆ ಮತ್ತು ಮಗುವಿನ ಪಾಲನೆಗಾಗಿ ಇಡೀ ಅವಧಿಯಲ್ಲಿ 240 ದಿನಗಳವರೆಗೆ ರಜೆ ಕೊಡಬಹುದೆಂದು ನಿಯಮಾವಳಿಯೇ ಹೇಳುತ್ತದೆ.

ತಂದೆತಾಯಿಗಳು ಈ ಕೊನೆಯ ಮಾತನ್ನು ಎರಡು ಸಲ ಓದಬೇಕು. "ಮದುವೆಯೋ ಓದೋ, ಒಂದನ್ನು ಆರಿಸಿಕೋ" ಎಂದು ಮಗಳನ್ನು ಕೇಳುವುದು ನಮ್ಮಲ್ಲಿ ಇನ್ನೂ ನಿಂತಿಲ್ಲ. ಹಾಗೆ ಆರಿಸಬೇಕೆಂದು ವಿಶ್ವವಿದ್ಯಾಲಯದ ನಿಯಮ ಹೇಳುವುದಿಲ್ಲ. ಸಂಶೋಧನೆಗೆ ನೋಂದಾಯಿಸಿಕೊಂಡ ಮೇಲೆ ವಿವಾಹವಾಗಿ, ಮಗುವಿನ ತಾಯಿಯಾಗಿ, ಪ್ರಬಂಧವನ್ನು ಮುಗಿಸಲು ದಾರಿ ಇದೆ. ಆ ದಾರಿಯನ್ನು ತೆರೆದಿಡುವುದು ಅಥವಾ ಮುಚ್ಚುವುದು ಹೆಚ್ಚಾಗಿ ತವರುಮನೆ ಮತ್ತು ಗಂಡನ ಮನೆಗಳ ಕೈಯಲ್ಲಿದೆ. ನಿಶ್ಚಿತಾರ್ಥದ ದಿನ ಬಂಗಾರದ ಮಾತಾಡುವ ಹಿರಿಯರು, ಸೊಸೆಯ ಪ್ರಬಂಧಕ್ಕೆ ಇನ್ನು ಎಷ್ಟು ವರ್ಷ ಬಾಕಿ ಇದೆ, ಅವಳು ಕ್ಷೇತ್ರಕಾರ್ಯಕ್ಕೆ ಹೊರಟಾಗ ಮಗುವನ್ನು ಯಾರು ನೋಡಿಕೊಳ್ಳುವರು ಎಂಬುದನ್ನೂ ಅದೇ ಜಮಖಾನದ ಮೇಲೆ ಕುಳಿತು ಮಾತಾಡಿಕೊಳ್ಳುವುದು ಲೇಸು.

ಹಣದ ವಿಷಯ. ಜೆ.ಆರ್.ಎಫ್. ದೊರೆತವರಿಗೆ 2023ರ ಜನವರಿಯಿಂದ ಮೊದಲ ಎರಡು ವರ್ಷ ತಿಂಗಳಿಗೆ 37,000 ರೂಪಾಯಿ, ಅನಂತರ ಹಿರಿಯ ಫೆಲೋ ಆಗಿ 42,000 ರೂಪಾಯಿ ನಿಗದಿಯಾಗಿದೆ. ಇದು ಮನೆಗೆ ಭಾರವಾಗದೆ ಓದಲು ಸಾಕಾಗುವ ಮೊತ್ತ. ಆದರೆ ಇದು ಪರೀಕ್ಷೆ ಬರೆದವರಲ್ಲಿ ಕೆಲವರಿಗೆ ಮಾತ್ರ ದೊರೆಯುತ್ತದೆ. ಇದು ದೊರೆಯದಿದ್ದವರು ವಿಶ್ವವಿದ್ಯಾಲಯದ ಮತ್ತು ಸರ್ಕಾರದ ಇತರ ವಿದ್ಯಾರ್ಥಿವೇತನಗಳನ್ನು ಹುಡುಕಬೇಕು, ಇಲ್ಲವೆ ಉದ್ಯೋಗದಲ್ಲಿದ್ದುಕೊಂಡು ಅರೆಕಾಲಿಕವಾಗಿ ಸಂಶೋಧನೆ ನಡೆಸಬೇಕು. ಅರೆಕಾಲಿಕ ಪಿಎಚ್.ಡಿ.ಗೆ ಅವಕಾಶವಿದೆ, ಕೆಲಸ ಮಾಡುವ ಸಂಸ್ಥೆಯಿಂದ ನಿರಾಕ್ಷೇಪಣಾ ಪತ್ರ ತರಬೇಕು. ದೂರಶಿಕ್ಷಣದ ಮೂಲಕ ಅಥವಾ ಆನ್‌ಲೈನ್ ಮೂಲಕ ಪಿಎಚ್.ಡಿ. ನೀಡುವುದಕ್ಕೆ ನಿಯಮಾವಳಿಯಲ್ಲಿ ಅನುಮತಿ ಇಲ್ಲ. ಮನೆಯಲ್ಲಿ ಕುಳಿತೇ ಒಂದು ವರ್ಷದಲ್ಲಿ ಡಾಕ್ಟರೇಟ್ ಎಂಬ ಜಾಹೀರಾತು ಕಂಡರೆ ದೂರ ಇರುವುದೇ ವಿವೇಕ.

ಪದವಿ ಬಂದ ತಕ್ಷಣ ಕೆಲಸ ಕಾದು ಕುಳಿತಿರುತ್ತದೆ ಎಂದು ಯಾರೂ ಭರವಸೆ ಕೊಡಲಾರರು. ಕಾಲೇಜಿನ ಸಹಾಯಕ ಪ್ರಾಧ್ಯಾಪಕ ಹುದ್ದೆಗೆ 2023ರ ಜುಲೈನಿಂದ ನೆಟ್ ಅಥವಾ ರಾಜ್ಯದ ಕೆ-ಸೆಟ್ ಕನಿಷ್ಠ ಅರ್ಹತೆಯಾಗಿದೆ, ಪಿಎಚ್.ಡಿ. ಕಡ್ಡಾಯವಲ್ಲ. ಉದ್ಯೋಗವೊಂದೇ ಗುರಿಯಾಗಿದ್ದರೆ ಮೊದಲು ಆ ಪರೀಕ್ಷೆಗಳತ್ತ ಗಮನ ಕೊಡುವುದು ಸೂಕ್ತ. ಒಂದು ಪ್ರಶ್ನೆಗೆ ಉತ್ತರ ಹುಡುಕದೆ ಇರಲಾರೆ ಎಂಬ ತುಡಿತ ಇರುವವರಿಗೆ ಪಿಎಚ್.ಡಿ. ತಕ್ಕದು.

ಸೇರಿದ ಮೇಲೆ ಏನು?

ಮೊದಲಿನ ಹಂತ ಕೋರ್ಸ್‌ವರ್ಕ್. ಕನಿಷ್ಠ 12 ಕ್ರೆಡಿಟ್‌ಗಳ ಈ ಪಾಠಗಳಲ್ಲಿ ಸಂಶೋಧನಾ ವಿಧಾನ ಮತ್ತು ಸಂಶೋಧನಾ ನೀತಿ ಮುಖ್ಯವಾದುವು. ಇದರಲ್ಲಿ ಶೇಕಡಾ 55 ಅಂಕ ಪಡೆದವರಷ್ಟೇ ಮುಂದುವರಿಯಬಹುದು. ಪ್ರತಿ ಸಂಶೋಧಕರಿಗೂ ಒಂದು ಸಲಹಾ ಸಮಿತಿ ಇರುತ್ತದೆ, ಪ್ರತಿ ಆರು ತಿಂಗಳಿಗೊಮ್ಮೆ ಅದರ ಮುಂದೆ ಕೆಲಸದ ಪ್ರಗತಿಯನ್ನು ಒಪ್ಪಿಸಬೇಕು. ಬರವಣಿಗೆ ಮುಗಿದ ಮೇಲೆ ಅದು ಬೇರೆಯವರ ಬರಹದ ನಕಲಲ್ಲವೆಂದು ತಂತ್ರಾಂಶದ ಮೂಲಕ ಪರೀಕ್ಷಿಸಲಾಗುತ್ತದೆ. 2018ರ ನಿಯಮದಂತೆ ಹೋಲಿಕೆ ಶೇಕಡಾ 10ರವರೆಗೆ ಇದ್ದರೆ ದಂಡನೆ ಇಲ್ಲ, ಶೇಕಡಾ 60 ಮೀರಿದರೆ ನೋಂದಣಿಯೇ ರದ್ದು. ಅನಂತರ ಮಾರ್ಗದರ್ಶಕರಲ್ಲದೆ ಹೊರಗಿನ ಕನಿಷ್ಠ ಇಬ್ಬರು ಪರೀಕ್ಷಕರು ಪ್ರಬಂಧವನ್ನು ಓದುತ್ತಾರೆ. ಕೊನೆಯದು ಮೌಖಿಕ ಪರೀಕ್ಷೆ. ಪದವಿ ದೊರೆತ ಪ್ರಬಂಧಗಳು ಶೋಧಗಂಗಾ ಎಂಬ ರಾಷ್ಟ್ರೀಯ ಭಂಡಾರದಲ್ಲಿ ಸೇರುತ್ತವೆ, ಅವನ್ನು ಯಾರು ಬೇಕಾದರೂ ಹಣ ಕೊಡದೆ ಓದಬಹುದು. ಅರ್ಜಿ ಹಾಕುವ ಮೊದಲೇ ಅಲ್ಲಿ ನಾಲ್ಕೈದು ಸಮಾಜಶಾಸ್ತ್ರದ ಪ್ರಬಂಧಗಳನ್ನು ಓದಿ ನೋಡುವುದು ಒಳ್ಳೆಯ ಸಿದ್ಧತೆ.

ಮಾರ್ಗದರ್ಶಕರ ಆಯ್ಕೆ ಸಂಬಂಧ ಕೂಡಿಸುವಷ್ಟೇ ಜಾಗರೂಕತೆಯಿಂದ ಆಗಬೇಕು. ಒಬ್ಬ ಪ್ರಾಧ್ಯಾಪಕರು ಏಕಕಾಲದಲ್ಲಿ 8, ಸಹ ಪ್ರಾಧ್ಯಾಪಕರು 6, ಸಹಾಯಕ ಪ್ರಾಧ್ಯಾಪಕರು 4 ಪಿಎಚ್.ಡಿ. ವಿದ್ಯಾರ್ಥಿಗಳಿಗೆ ಮಾತ್ರ ಮಾರ್ಗದರ್ಶನ ಮಾಡಬಹುದು. ನಿವೃತ್ತಿಗೆ ಮೂರು ವರ್ಷಕ್ಕಿಂತ ಕಡಿಮೆ ಇರುವವರು ಹೊಸಬರನ್ನು ತೆಗೆದುಕೊಳ್ಳುವಂತಿಲ್ಲ. ನಮ್ಮವರು ಯಾರು ಇದ್ದಾರೆ ಎಂದು ಹುಡುಕುವುದಕ್ಕಿಂತ, ನಮ್ಮ ವಿಷಯದಲ್ಲಿ ಬರೆದಿರುವವರು ಯಾರು ಎಂದು ಹುಡುಕಿದರೆ ಮಕ್ಕಳಿಗೆ ಹೆಚ್ಚು ಪ್ರಯೋಜನ.

ಹಿರಿಯರು ನಡೆದ ದಾರಿ

ಇಷ್ಟೂ ಕಾಗದದ ಮೇಲಿನ ಅರ್ಹತೆಗಳು. ಸಮಾಜಶಾಸ್ತ್ರಕ್ಕೆ ಬೇಕಾದ ಇನ್ನೊಂದು ಅರ್ಹತೆ ಯಾವ ಅರ್ಜಿಯಲ್ಲಿಯೂ ಅಚ್ಚಾಗಿರುವುದಿಲ್ಲ. ಅದನ್ನು ತಿಳಿಯಲು ಕನ್ನಡನಾಡಿನ ಹಿರಿಯ ಸಮಾಜಶಾಸ್ತ್ರಜ್ಞರನ್ನು ನೋಡಬೇಕು.

ಮೈಸೂರಿನಲ್ಲಿ 1916ರಲ್ಲಿ ಹುಟ್ಟಿದ ಎಂ. ಎನ್. ಶ್ರೀನಿವಾಸ ಅವರು ಮುಂಬಯಿಯಲ್ಲಿ ಜಿ. ಎಸ್. ಘುರ್ಯೆ ಅವರ ಬಳಿ ಡಾಕ್ಟರೇಟ್ ಪಡೆದು, ಬಳಿಕ ಆಕ್ಸ್‌ಫರ್ಡಿನಲ್ಲಿ ಮತ್ತೊಂದು ಡಾಕ್ಟರೇಟ್ ಗಳಿಸಿದರು. ಅವರ ಅಧ್ಯಯನದ ವಿಷಯ ನಮ್ಮ ನೆರೆಯ ಕಾಫಿ ಸೀಮೆಯಾದ ಕೊಡಗಿನ ಜನರ ಧರ್ಮ ಮತ್ತು ಸಮಾಜ. ಆ ಗ್ರಂಥ 1952ರಲ್ಲಿ ಪ್ರಕಟವಾಗಿ, ಭಾರತದ ಸಮಾಜಶಾಸ್ತ್ರಕ್ಕೆ ಸಂಸ್ಕೃತೀಕರಣ ಎಂಬ ಪರಿಕಲ್ಪನೆಯನ್ನು ಕೊಟ್ಟಿತು. 1948ರಲ್ಲಿ ಅವರು ಮೈಸೂರಿನ ಬಳಿಯ ಒಂದು ಹಳ್ಳಿಯಲ್ಲಿ ತಿಂಗಳುಗಟ್ಟಲೆ ನೆಲೆಸಿ ಅಲ್ಲಿನ ಬದುಕನ್ನು ಗಮನಿಸಿ ಬರೆದುಕೊಂಡರು. ವರ್ಷಗಳ ಶ್ರಮದಿಂದ ವಿಂಗಡಿಸಿದ್ದ ಆ ಟಿಪ್ಪಣಿಗಳು 1970ರ ಏಪ್ರಿಲ್‌ನಲ್ಲಿ ಅಮೆರಿಕದ ಸ್ಟ್ಯಾನ್‌ಫರ್ಡಿನಲ್ಲಿ ಕಿಡಿಗೇಡಿಗಳು ಹಚ್ಚಿದ ಬೆಂಕಿಗೆ ಆಹುತಿಯಾದವು. ಅವರು ಎದೆಗುಂದಲಿಲ್ಲ. ನೆನಪನ್ನೇ ಮುಖ್ಯ ಆಧಾರವಾಗಿಟ್ಟುಕೊಂಡು ಆ ಹಳ್ಳಿಯ ಕುರಿತು ಬರೆದರು. 'ದಿ ರಿಮೆಂಬರ್ಡ್ ವಿಲೇಜ್' ಎಂಬ ಆ ಗ್ರಂಥ 1976ರಲ್ಲಿ ಹೊರಬಂದಿತು. ಹಳ್ಳಿಯ ಜೊತೆ ಬೆರೆತು ಬಾಳಿದ್ದರಿಂದಲೇ ಕಾಗದ ಸುಟ್ಟರೂ ವಿಷಯ ಸುಡಲಿಲ್ಲ.

ನಮ್ಮ ಓದುಗರಿಗೆ ಇನ್ನೂ ಹತ್ತಿರದವರು ಕೆ. ಈಶ್ವರನ್. ಕನ್ನಡ ಸಾಹಿತ್ಯಲೋಕದಲ್ಲಿ ಹಿರೇಮಲ್ಲೂರು ಈಶ್ವರನ್ ಎಂದೇ ಪರಿಚಿತರಾದ ಇವರು ಕೆನಡಾದ ಯಾರ್ಕ್ ವಿಶ್ವವಿದ್ಯಾಲಯದಲ್ಲಿ ಪ್ರಾಧ್ಯಾಪಕರಾಗಿದ್ದರು. ಉತ್ತರ ಕರ್ನಾಟಕದ ಹಳ್ಳಿಯೊಂದರ ಕುರಿತ 'ಶಿವಾಪುರ' 1968ರಲ್ಲಿಯೂ, ಲಿಂಗಾಯತರ ಧರ್ಮ ಮತ್ತು ಸಮಾಜವನ್ನು ಕುರಿತ ಗ್ರಂಥ 1983ರಲ್ಲಿಯೂ ಪ್ರಕಟವಾದವು. ಅದಕ್ಕೂ ಮೊದಲು, 1959ರಲ್ಲಿ, ಇವರು ಹಾಲೆಂಡಿನ ಕುಟುಂಬ ಜೀವನವನ್ನು ಕುರಿತು ಒಂದು ಪುಸ್ತಕ ಬರೆದಿದ್ದರು. ಯುರೋಪಿನವರು ಬಂದು ನಮ್ಮನ್ನು ಅಭ್ಯಸಿಸುತ್ತಿದ್ದ ಕಾಲದಲ್ಲಿ ಕನ್ನಡದ ಹಳ್ಳಿಯಿಂದ ಹೋದವರೊಬ್ಬರು ಯುರೋಪಿನ ಮನೆಗಳನ್ನು ಅಭ್ಯಸಿಸಿದರು ಎಂಬುದು ಗಮನಿಸಬೇಕಾದ ವಿಷಯ. ಪ್ರಶ್ನೆ ಕೇಳುವ ಅಧಿಕಾರ ಯಾವ ಒಂದು ದೇಶಕ್ಕೂ ಮೀಸಲಲ್ಲ.

ಮೂರನೆಯವರು ಮೈಸೂರು ವಿಶ್ವವಿದ್ಯಾಲಯದಲ್ಲಿ ಪ್ರಾಧ್ಯಾಪಕಿಯಾಗಿದ್ದ ಸಿ. ಪಾರ್ವತಮ್ಮ. ದಲಿತ ಸಮುದಾಯದಿಂದ ಬಂದು, ಇಂಗ್ಲೆಂಡಿನ ಮ್ಯಾಂಚೆಸ್ಟರಿನಲ್ಲಿ ಡಾಕ್ಟರೇಟ್ ಪಡೆದ ಈ ಮಹಿಳೆ ವೀರಶೈವವನ್ನು ಕುರಿತ ಸಮಾಜಶಾಸ್ತ್ರೀಯ ಪ್ರಬಂಧಗಳ ಸಂಪುಟವನ್ನು 1972ರಲ್ಲಿ ಪ್ರಕಟಿಸಿದರು. ನಮ್ಮ ಸಮಾಜವನ್ನು ಒಳಗಿನವರು ಕಂಡ ಬಗೆ ಒಂದು, ಹೊರಗೆ ನಿಂತವರು ಕಂಡ ಬಗೆ ಇನ್ನೊಂದು. ಹೊಗಳಿಕೆಯನ್ನಷ್ಟೇ ಓದಿಕೊಂಡಿದ್ದರೆ ನಮ್ಮನ್ನು ನಾವು ಅರಿತಂತಾಗುವುದಿಲ್ಲ. ಎರಡನ್ನೂ ಮುಂದಿಟ್ಟುಕೊಂಡು ಓದಬಲ್ಲವರಿಗೆ ಮಾತ್ರ ಈ ಶಾಸ್ತ್ರ ಒಲಿಯುತ್ತದೆ.

ಪ್ರಶ್ನೆ ಮನೆಯ ಅಂಗಳದಲ್ಲೇ ಇದೆ

ಹಾಗಾದರೆ ಅತ್ತಿಗುಂಡಿಯ ಕಡೆಯ ವಿದ್ಯಾರ್ಥಿನಿಗೆ ಸಂಶೋಧನೆಯ ವಿಷಯ ಎಲ್ಲಿ ಸಿಕ್ಕೀತು? ದೂರ ಹೋಗಬೇಕಾಗಿಲ್ಲ. 'ಕಾಫಿ ನಾಡಿನ ಸಮಾಜ' ಎಂಬುದು ವಿಷಯವಲ್ಲ, ಅದೊಂದು ಸಮುದ್ರ. ಅದರಿಂದ ಒಂದು ಬಿಂದಿಗೆ ನೀರನ್ನು ಎತ್ತಿಕೊಳ್ಳಬೇಕು. ಕಾಫಿ ಮಂಡಳಿಯೇ ಬೆಳೆಯನ್ನೆಲ್ಲ ಒಟ್ಟುಗೂಡಿಸಿ ಮಾರುತ್ತಿದ್ದ ವ್ಯವಸ್ಥೆ ತೊಂಬತ್ತರ ದಶಕದಲ್ಲಿ ಹಂತಹಂತವಾಗಿ ಸಡಿಲಗೊಂಡು 1996ರ ವೇಳೆಗೆ ಮುಕ್ತ ಮಾರಾಟ ಬಂದಿತು. ಮಾರಾಟದ ತೀರ್ಮಾನ ಬೆಳೆಗಾರನ ಮನೆಗೇ ಬಂದಾಗ ಆ ಮನೆಯಲ್ಲಿ ಯಾರ ಮಾತಿಗೆ ಬೆಲೆ ಹೆಚ್ಚಿತು? ಹತ್ತು ಹೆಕ್ಟೇರಿಗಿಂತ ಕಡಿಮೆ ತೋಟವಿರುವ ಸಣ್ಣ ಬೆಳೆಗಾರರ ಮಕ್ಕಳು ಬೆಂಗಳೂರು ಸೇರಿದ ಮೇಲೆ ತೋಟ ನೋಡುವ ಹೊಣೆ ಯಾರ ಮೇಲೆ ಬಿತ್ತು? ಮುಳ್ಳಯ್ಯನಗಿರಿಗೆ ಬರುವ ಪ್ರವಾಸಿಗರಿಗಾಗಿ ಮನೆಯೇ ಹೋಂಸ್ಟೇ ಆದಾಗ ಅಡುಗೆಮನೆಯ ಹೆಣ್ಣುಮಕ್ಕಳ ದುಡಿಮೆಗೆ ಲೆಕ್ಕ ಬಂದಿತೇ? ಅಸ್ಸಾಮಿನಂತಹ ದೂರದ ರಾಜ್ಯಗಳಿಂದ ಕುಯ್ಲಿಗೆ ಬರುವ ಕೂಲಿಕಾರರ ಮಕ್ಕಳು ಯಾವ ಶಾಲೆಗೆ ಹೋಗುತ್ತಾರೆ? ಇವುಗಳಲ್ಲಿ ಯಾವುದನ್ನು ಹಿಡಿದರೂ ಐದು ವರ್ಷದ ಕೆಲಸವಿದೆ.

ಇಲ್ಲಿಯೇ ನಿಜವಾದ ಪರೀಕ್ಷೆ ಎದುರಾಗುತ್ತದೆ. ತೋಟದ ಧಣಿಯ ಮಗಳು ನೋಟ್‌ಬುಕ್ ಹಿಡಿದು ಲೈನು ಮನೆಯ ಬಾಗಿಲಲ್ಲಿ ನಿಂತರೆ ಕೂಲಿಯ ಹೆಂಗಸು ಮನಬಿಚ್ಚಿ ಮಾತಾಡುವಳೇ? "ಎಲ್ಲಾ ಚೆನ್ನಾಗಿದೆ ಅಮ್ಮಾ" ಎಂದಾಳು. ಹಾಜರಿ ಪುಸ್ತಕ ಒಂದು ಕಥೆ ಹೇಳುತ್ತದೆ, ಮೇಸ್ತ್ರಿ ಇನ್ನೊಂದು ಹೇಳುತ್ತಾನೆ, ದುಡಿಯುವವಳ ಅನುಭವ ಮೂರನೆಯದಾಗಿರುತ್ತದೆ. ಇದನ್ನೆಲ್ಲ ಅರಿತ ಸಂಶೋಧಕಿ ತನ್ನ ಮನೆಯ ತೋಟವನ್ನು ಬಿಟ್ಟು ಬೇರೆ ಕಡೆ ಅಧ್ಯಯನ ನಡೆಸುತ್ತಾಳೆ. ಮಾತಾಡುವವರಿಗೆ ಉದ್ದೇಶವನ್ನು ತಿಳಿಸಿ ಒಪ್ಪಿಗೆ ಪಡೆಯುತ್ತಾಳೆ. ಅವರ ಹೆಸರು ಹೊರಗೆ ಬಾರದಂತೆ ಕಾಯುತ್ತಾಳೆ. ಶ್ರೀನಿವಾಸರು ತಮ್ಮ ಹಳ್ಳಿಯನ್ನು ರಾಂಪುರ ಎಂಬ ಕಲ್ಪಿತ ಹೆಸರಿನಿಂದ ಕರೆದದ್ದನ್ನು ಇಲ್ಲಿ ಸ್ಮರಿಸಬಹುದು.

ಅದೇ ಶ್ರೀನಿವಾಸರು ಜನಸಂಖ್ಯೆ, ಭೂಮಿ ಮತ್ತು ರಾಜಕೀಯ ಬಲವುಳ್ಳ ಜಾತಿಗಳನ್ನು ಪ್ರಬಲ ಜಾತಿಗಳೆಂದು ಕರೆದರು. ಕರ್ನಾಟಕದ ಮಟ್ಟಿಗೆ ಆ ಮಾತು ಬಂದಾಗಲೆಲ್ಲ ಒಕ್ಕಲಿಗರ ಜೊತೆ ಲಿಂಗಾಯತರ ಹೆಸರೂ ಬರುತ್ತದೆ. ಹಾಗಿರುವಾಗ ನಮ್ಮ ಮಕ್ಕಳು ಸಮಾಜಶಾಸ್ತ್ರ ಓದಿದರೆ ನಮ್ಮನ್ನೇ ಪ್ರಶ್ನಿಸುವ ದಿನ ಬಂದೇ ಬರುತ್ತದೆ. ನಮ್ಮ ತೋಟದ ಕೂಲಿಯ ಬಗ್ಗೆ, ನಮ್ಮ ಮದುವೆಗಳಲ್ಲಿ ನೋಡುವ ಒಳಪಂಗಡದ ಬಗ್ಗೆ, ಆಸ್ತಿಯಲ್ಲಿ ಹೆಣ್ಣುಮಕ್ಕಳ ಪಾಲಿನ ಬಗ್ಗೆ ಅವರು ಕೇಳಿಯಾರು. ಹನ್ನೆರಡನೆಯ ಶತಮಾನದ ಶರಣರು ಕೂಡಿ ಕುಳಿತು ಪ್ರಶ್ನಿಸಿದವರು. ಆ ಪರಂಪರೆಗೆ ವಾರಸುದಾರರೆಂದು ಹೇಳಿಕೊಳ್ಳುವ ಮನೆಗಳಲ್ಲಿ ಮಗಳ ಪ್ರಶ್ನೆಗೆ ಸಿಟ್ಟು ಉತ್ತರವಾಗಬಾರದು.

ಮನೆಯವರು ಮಾಡಬಹುದಾದುದು

ಮಗಳೋ ಮಗನೋ ಈ ದಾರಿ ಹಿಡಿಯಬಯಸಿದರೆ, ಎಂ.ಎ. ಅಂತಿಮ ವರ್ಷದಲ್ಲಿಯೇ ನೆಟ್ ಪರೀಕ್ಷೆಗೆ ಕುಳಿತುಕೊಳ್ಳಲು ಹೇಳಿ. ಶಂಕರಘಟ್ಟ, ಮೈಸೂರು, ಧಾರವಾಡ, ಮಂಗಳೂರು ಮತ್ತು ಬೆಂಗಳೂರಿನ ವಿಭಾಗಗಳ ಪ್ರಕಟಣೆಗಳನ್ನು ನೋಡುತ್ತಿರಲಿ. 1972ರಲ್ಲಿ ವಿ. ಕೆ. ಆರ್. ವಿ. ರಾವ್ ಅವರು ಶ್ರೀನಿವಾಸರನ್ನೂ ಜೊತೆಗಿರಿಸಿಕೊಂಡು ಬೆಂಗಳೂರಿನಲ್ಲಿ ಕಟ್ಟಿದ ಸಾಮಾಜಿಕ ಮತ್ತು ಆರ್ಥಿಕ ಬದಲಾವಣೆ ಅಧ್ಯಯನ ಸಂಸ್ಥೆಯಲ್ಲಿಯೂ ಪಿಎಚ್.ಡಿ. ಸಂಶೋಧನೆ ನಡೆಯುತ್ತದೆ, ಅದನ್ನೂ ಮರೆಯಬಾರದು. ಸಂದರ್ಶನಕ್ಕೆ ಹೋಗುವ ಮೊದಲು, ತಾನು ಏನನ್ನು ತಿಳಿಯಬಯಸುತ್ತೇನೆ, ಯಾರನ್ನು ಕೇಳುತ್ತೇನೆ, ಎಲ್ಲಿ ಇರುತ್ತೇನೆ ಎಂಬುದನ್ನು ನಾಲ್ಕು ಪುಟಗಳಲ್ಲಿ ಬರೆದು ಮನೆಯವರಿಗೇ ಓದಿ ಹೇಳಲಿ. ಅಜ್ಜಿಗೆ ಅರ್ಥವಾಗುವಂತೆ ಹೇಳಬಲ್ಲ ಪ್ರಶ್ನೆ ಪರೀಕ್ಷಕರಿಗೂ ಅರ್ಥವಾಗುತ್ತದೆ.

ಮನೆಯವರಿಗೆ ಉಳಿಯುವ ಕೆಲಸ ಸುಲಭವೆಂದು ತೋರುತ್ತದೆ, ಆದರೆ ಕಷ್ಟದ್ದು. "ಇನ್ನೂ ಮುಗಿಯಲಿಲ್ಲವೇ?" ಎಂದು ಹಬ್ಬಕ್ಕೆ ಬಂದ ನೆಂಟರು ಕೇಳಿದಾಗ ಮಗಳ ಪರವಾಗಿ ಉತ್ತರ ಕೊಡಬೇಕು. ಕಾಫಿ ಗಿಡ ನೆಟ್ಟವರು ಮೊದಲ ವರ್ಷವೇ ಕಣದಲ್ಲಿ ಹಣ್ಣು ಹರಡುವ ಆಸೆ ಇಟ್ಟುಕೊಳ್ಳುವುದಿಲ್ಲ. ನೆರಳು ಕೊಟ್ಟು, ಚಿಗುರು ಕಸಿದು, ಮೂರು ನಾಲ್ಕು ವರ್ಷ ಕಾಯುತ್ತಾರೆ. ಗಿರಿಯ ಮನೆಗಳಿಗೆ ಆ ತಾಳ್ಮೆ ಹೊಸದಲ್ಲ. ಅದನ್ನು ತೋಟಕ್ಕೆ ತೋರಿದಂತೆ ಮಕ್ಕಳ ಓದಿಗೂ ತೋರಿದರೆ, ನಮ್ಮ ಬೆಟ್ಟಗಳ ಬದುಕನ್ನು ಬಲ್ಲವರೇ ಅದನ್ನು ಬರೆದಿಡುವ ದಿನ ದೂರವಿಲ್ಲ.